ಒಂದೇ ಒಲೆ, ಎರಡು ಹಸಿವು

ಎರಡು ವರ್ಷದ ಮಗುವಿನ ತೊಡೆಯಲ್ಲಿ ಮಡಿಕೆ ಬಿದ್ದಿದ್ದರೆ ‘ಮೈಕೈ ತುಂಬಿಕೊಂಡು ಎಷ್ಟು ಮುದ್ದಾಗಿದೆ, ದೃಷ್ಟಿ ತೆಗೀರಿ’ ಎನ್ನುತ್ತೇವೆ. ಅದೇ ಮಗು ಹತ್ತು ವರ್ಷಕ್ಕೆ ಅದೇ ಮೈಯಲ್ಲಿ ಎದುರು ಬಂದು ನಿಂತರೆ ಮಾತಿನ ಧಾಟಿ ಬೇರೆ: ‘ಸ್ವಲ್ಪ ಬಾಯಿ ಕಟ್ಟೋ’, ‘ಕೂತಲ್ಲೇ ಕೂತಿರ್ತಾನೆ’, ‘ಅವರಮ್ಮ ಮುದ್ದು ಮಾಡಿ ಕೆಡಿಸಿದ್ದಾಳೆ’. ಹೊಗಳಿಕೆ ಯಾವಾಗ ಬೈಗುಳವಾಯಿತು ಎಂಬುದು ಮಗುವಿಗೆ ಗೊತ್ತಾಗುವುದೇ ಇಲ್ಲ. ಈ ಬೈಗುಳದ ಬೆನ್ನಿಗೆ ಒಂದು ಗಟ್ಟಿ ನಂಬಿಕೆಯಿದೆ. ತಿನ್ನುವುದು, ಬಿಡುವುದು ಮನಸ್ಸಿನ ಹತೋಟಿಗೆ ಸೇರಿದ್ದು. ಹತೋಟಿ ತಪ್ಪಿದರೆ ಅದು ನಡತೆಯ ದೋಷ, ಇಲ್ಲವೇ ಬೆಳೆಸಿದವರ ದೋಷ. ಕಳೆದ ಮೂವತ್ತು ವರ್ಷಗಳ ವಂಶವಾಹಿ ಸಂಶೋಧನೆ ಅಲುಗಾಡಿಸಿರುವುದು ಈ ನಂಬಿಕೆಯನ್ನೇ. ಬೊಜ್ಜಿನ ಜೊತೆ ತಳುಕು ಹಾಕಿಕೊಂಡಿರುವ ಜೀನುಗಳಲ್ಲಿ ಬಹುಪಾಲು ಚುರುಕಾಗಿರುವುದು ಮಿದುಳಿನಲ್ಲಿ; ಅಲ್ಲಿ ಹಸಿವನ್ನೂ ತೃಪ್ತಿಯನ್ನೂ ತೂಗಿ ನೋಡುವ ಜಾಗಗಳಲ್ಲಿ. ಮಗುವಿನ ತೂಕ ಇಷ್ಟೇ ಆಗಬೇಕೆಂದು ಅವು ಬರೆದಿಟ್ಟಿರುವುದಿಲ್ಲ. ಎದುರಿಗೆ ತಿಂಡಿಯಿದ್ದಾಗ ‘ಸಾಕು’ ಎಂಬ ಸೂಚನೆ ಬೇಗ ಬರುತ್ತದೋ ತಡವಾಗಿ ಬರುತ್ತದೋ ಎಂಬುದನ್ನು ಒಂದಿಷ್ಟು ಅತ್ತಿತ್ತ ಸರಿಸುತ್ತವೆ. ಮಕ್ಕಳ ಬೊಜ್ಜನ್ನು ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿ ಹಿಡಿದು ಹೊರಟರೆ ಸಾಕು, ಹೊರನೋಟಕ್ಕೆ ಒಂದಕ್ಕೊಂದು ಹೊಂದದ ಅನೇಕ ಅಂಕಿಅಂಶಗಳು ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ.

ಸಾಕ್ಷ್ಯ ಮೊದಲು ಬಂದದ್ದು ಅವಳಿ ಮಕ್ಕಳಿಂದ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿ ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳು ಬೇರೆ ಒಡಹುಟ್ಟಿದವರಂತೆ ಸರಾಸರಿ ಅರ್ಧ ಪಾಲು ಹಂಚಿಕೊಂಡಿರುತ್ತಾರೆ. ಮನೆ, ಊಟ, ಅಮ್ಮನ ಕೈರುಚಿ ಎರಡೂ ಬಗೆಯ ಜೋಡಿಗಳಿಗೆ ಒಂದೇ ತೆರನಾಗಿರುವುದರಿಂದ, ಮೊದಲ ಬಗೆಯವರ ತೂಕ ಎರಡನೆಯವರಿಗಿಂತ ಎಷ್ಟು ಹೆಚ್ಚು ಹೋಲುತ್ತದೆ ಎಂದು ನೋಡಿದರೆ ಜೀನುಗಳ ಪಾಲನ್ನು ಅಂದಾಜಿಸಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜೇನ್ ವಾರ್ಡಲ್ ಮತ್ತು ಸಂಗಡಿಗರು 8ರಿಂದ 11 ವರ್ಷದ 5,092 ಅವಳಿ ಜೋಡಿಗಳನ್ನು ಹೀಗೆ ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಎತ್ತರಕ್ಕೆ ತಕ್ಕ ತೂಕದಲ್ಲಿ ಮಕ್ಕಳ ನಡುವೆ ಕಾಣುವ ವ್ಯತ್ಯಾಸದ ಶೇ. 77ರಷ್ಟು ವಂಶವಾಹಿಯಿಂದ ಬಂದದ್ದು. ಅದೇ ತಂಡ ‘ಜೆಮಿನಿ’ ಎಂಬ ಹೆಸರಿನಲ್ಲಿ 2007ರಲ್ಲಿ ಹುಟ್ಟಿದ ಅವಳಿಗಳ ಸುಮಾರು 2,400 ಕುಟುಂಬಗಳನ್ನು ಎಳವೆಯಿಂದಲೇ ಗಮನಿಸುತ್ತ ಬಂತು. ಹಾಲು ಕುಡಿಯುವ ವಯಸ್ಸಿನಲ್ಲೇ ಹಸಿವಿನ ಅಂತರ ಅಲ್ಲಿ ಎದ್ದು ಕಾಣುತ್ತಿತ್ತು. ಒಂದು ಕೂಸು ಹೊಟ್ಟೆ ತುಂಬಿದ ಕೂಡಲೇ ಮುಖ ತಿರುಗಿಸುತ್ತದೆ, ಪಕ್ಕದ ಕೂಸು ಬಾಟಲಿ ಕಂಡರೆ ಮತ್ತೆ ಬಾಯಿ ತೆರೆಯುತ್ತದೆ. ಒಂದೇ ಮನೆಯ ಇಂಥ ಜೋಡಿಗಳಲ್ಲಿ, ತಿನಿಸು ಕಂಡೊಡನೆ ಬಾಯಿ ತೆರೆಯುತ್ತಿದ್ದ ಮಗು ಹದಿನೈದು ತಿಂಗಳಿಗೆ ತನ್ನ ಅವಳಿಗಿಂತ ಸುಮಾರು ಒಂದು ಕಿಲೋ ಹೆಚ್ಚು ತೂಗುತ್ತಿತ್ತು. ಆ ವಯಸ್ಸಿನ ಮಗುವಿಗೆ ಒಂದು ಕಿಲೋ ದೊಡ್ಡ ಮಾತು. ಹಾಲುಗಲ್ಲದ ಕೂಸಿನ ಮೇಲೆ ಸೋಮಾರಿತನದ, ಬಾಯಿಚಪಲದ ಆರೋಪ ಹೊರಿಸಲು ಯಾರಿಗೂ ಮನಸ್ಸು ಬರಲಾರದು.

ಇಂಥ ಹಸಿವಿಗೆ ಡಿಎನ್ಎಯಲ್ಲಿ ಒಂದು ವಿಳಾಸ ಸಿಕ್ಕಿದ್ದು 2007ರಲ್ಲಿ, ಅದೂ ಬೇರೇನನ್ನೋ ಹುಡುಕುತ್ತಿದ್ದಾಗ. ಬ್ರಿಟನ್ನಿನ ಸಂಶೋಧಕರು ಸಕ್ಕರೆ ಕಾಯಿಲೆಯ ಜೀನುಗಳನ್ನು ಅರಸುತ್ತಿದ್ದರು. ಎಫ್‌ಟಿಒ ಎಂಬ ಜೀನಿನೊಳಗಿನ ಒಂದೇ ಒಂದು ಅಕ್ಷರದ ವ್ಯತ್ಯಾಸ ಕಾಯಿಲೆಯ ಜೊತೆ ಸೇರಿಕೊಂಡು ಕಾಣಿಸಿತು. ಆದರೆ ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಆ ನಂಟು ಮಾಯವಾಯಿತು. ಅಂದರೆ ಆ ಅಕ್ಷರ ಮುಟ್ಟುತ್ತಿದ್ದದ್ದು ತೂಕವನ್ನು. ತಂದೆ ತಾಯಿ ಇಬ್ಬರಿಂದಲೂ ಅಪಾಯದ ಅಕ್ಷರವನ್ನೇ ಪಡೆದವರು ಯುರೋಪಿನ ಮೂಲದವರಲ್ಲಿ ಶೇ. 16ರಷ್ಟಿದ್ದಾರೆ, ಅದಿಲ್ಲದವರಿಗಿಂತ ಅವರು ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆ. ಹುಟ್ಟುವಾಗಿನ ತೂಕದಲ್ಲಿ ಈ ಅಂತರ ಇರಲಿಲ್ಲ, ಏಳು ವರ್ಷದ ಹೊತ್ತಿಗೆ ಇತ್ತು. ಭಾರತದ ನಗರಗಳ 3,126 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ಜೀನಿನ ವ್ಯತ್ಯಾಸಗಳಿಗೂ ಮಕ್ಕಳ ಬೊಜ್ಜಿಗೂ ನಂಟು ತೋರಿಸಿದೆ. ಇದು ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜಗ್ಗಾಟವಿದೆ. ಆ ಅಕ್ಷರ ತಾನು ಕುಳಿತ ಜೀನನ್ನು ಬಿಟ್ಟು ದೂರದ ನೆರೆಮನೆಯ ಜೀನುಗಳನ್ನು ಹದಗೆಡಿಸುತ್ತದೆ ಎಂಬ ವಾದಕ್ಕೆ ಒಳ್ಳೆಯ ಪುರಾವೆಗಳೂ ಇವೆ. ಮಕ್ಕಳ ನಡವಳಿಕೆಯಲ್ಲಿ ಅದು ತೋರುವ ರೀತಿ ಮಾತ್ರ ಸ್ಪಷ್ಟ. ವಾರ್ಡಲ್ ತಂಡ ನಾಲ್ಕೈದು ವರ್ಷದ ಮಕ್ಕಳಿಗೆ ಊಟ ಮುಗಿದ ಮೇಲೆ, ಹೊಟ್ಟೆ ತುಂಬಿರುವಾಗಲೇ, ಮುಂದೆ ಒಂದು ತಟ್ಟೆ ಬಿಸ್ಕತ್ತು ಇಟ್ಟು ನೋಡಿತು. ಅಪಾಯದ ಅಕ್ಷರ ಇಲ್ಲದ ಮಕ್ಕಳು ಕಡಿಮೆ ತಿಂದು ಬಿಟ್ಟರು, ಇದ್ದವರ ಕೈ ತಟ್ಟೆಯ ಕಡೆ ಹೆಚ್ಚು ಹೋಯಿತು. ಸ್ಕಾಟ್ಲೆಂಡಿನ ಮಕ್ಕಳಲ್ಲಿ 2008ರಲ್ಲಿ ನಡೆದ ಇನ್ನೊಂದು ಪರೀಕ್ಷೆ ಮತ್ತಷ್ಟು ಸೂಕ್ಷ್ಮ: ಈ ಅಕ್ಷರ ಇದ್ದ ಮಕ್ಕಳ ದೇಹ ಶಕ್ತಿ ಸುಡುವುದರಲ್ಲಿ ಹಿಂದೆ ಬಿದ್ದಿರಲಿಲ್ಲ, ತಿಂದ ಆಹಾರದ ತೂಕವೂ ಹೆಚ್ಚಿರಲಿಲ್ಲ, ಆದರೆ ಅವರು ಆರಿಸಿಕೊಂಡ ತಿನಿಸುಗಳಲ್ಲಿ ಗ್ರಾಮಿಗೆ ಇಷ್ಟು ಎಂಬ ಕ್ಯಾಲರಿ ಹೆಚ್ಚಿತ್ತು. ‘ಅವನಿಗೆ ಮೈಗೆ ಹತ್ತುತ್ತೆ’ ಎಂದು ನಾವು ಹೇಳುವ ಮಾತು, ಕನಿಷ್ಠ ಈ ಜೀನಿನ ಮಟ್ಟಿಗೆ, ಅರ್ಧ ಮಾತ್ರ ಸರಿ. ಮೈಗೆ ಹತ್ತುವ ಮೊದಲು ಅದು ಕಣ್ಣಿಗೂ ನಾಲಿಗೆಗೂ ಹತ್ತಿರುತ್ತದೆ.

ಒಂದು ಅಕ್ಷರಕ್ಕೆ ಒಂದೂವರೆ ಕಿಲೋ ಎಂದರೆ ಹೆದರುವಂಥದ್ದೇನಲ್ಲ. ಆದರೆ ಇಂಥ ಅಕ್ಷರಗಳು ಸಾವಿರಾರು, ಮತ್ತು ಒಬ್ಬೊಬ್ಬರಿಗೆ ಬಂದಿರುವ ಕಟ್ಟು ಒಂದೊಂದು ಬಗೆ. ಅಮೆರಿಕದ ಸಂಶೋಧಕರು 2019ರಲ್ಲಿ ಇಪ್ಪತ್ತೊಂದು ಲಕ್ಷ ವ್ಯತ್ಯಾಸಗಳನ್ನು ಕೂಡಿಸಿ ಒಂದು ಅಂಕ ಕಟ್ಟಿದರು. ಅಂಕದ ಮೇಲಿನ ಹತ್ತನೇ ಒಂದು ಪಾಲಿನವರಿಗೂ ಕೆಳಗಿನ ಹತ್ತನೇ ಒಂದು ಪಾಲಿನವರಿಗೂ ಹುಟ್ಟುವಾಗ ಹೇಳಿಕೊಳ್ಳುವಂಥ ಅಂತರವೇ ಇಲ್ಲ; 18 ವರ್ಷಕ್ಕೆ ಅದು ಸರಾಸರಿ 12 ಕಿಲೋ. ಹುಟ್ಟಿದಾಗ ಇಲ್ಲದ ಅಂತರ ಬೆಳೆಯುತ್ತ ಹಿಗ್ಗುತ್ತದೆ ಎಂದರೆ, ಪ್ರತಿದಿನದ ಊಟತಿಂಡಿಯಲ್ಲಿ ಒಂದು ತುತ್ತು ಹೆಚ್ಚು, ಒಂದು ತುತ್ತು ಕಡಿಮೆ ಎಂಬ ಸಣ್ಣ ಜಮಾಖರ್ಚು ಹದಿನೆಂಟು ವರ್ಷ ನಡೆದಿರುತ್ತದೆ.

ಹಸಿವು ಎಂಬುದು ದೇಹದ ಲೆಕ್ಕ, ಮನಸ್ಸಿನ ದೌರ್ಬಲ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕೆಂದರೆ ಅಪರೂಪದ ಮಕ್ಕಳ ಕಡೆ ನೋಡಬೇಕು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ 1994ರಲ್ಲಿ ಲೆಪ್ಟಿನ್ ಹಾರ್ಮೋನಿನ ಜೀನನ್ನು ಇಲಿಗಳಲ್ಲಿ ಗುರುತಿಸಿದರು. ಕೊಬ್ಬಿನ ಕೋಶಗಳು ರಕ್ತಕ್ಕೆ ಬಿಡುವ ಈ ಹಾರ್ಮೋನು ‘ಕಣಜದಲ್ಲಿ ದಾಸ್ತಾನಿದೆ, ಗಾಬರಿಯಾಗಬೇಡ’ ಎಂದು ಮಿದುಳಿಗೆ ವರದಿ ಒಪ್ಪಿಸುತ್ತದೆ. ಮೂರು ವರ್ಷಗಳ ನಂತರ ಕೇಂಬ್ರಿಜ್‌ನಲ್ಲಿ ಸ್ಟೀಫನ್ ಓರಾಹಿಲಿ, ಸದಾಫ್ ಫಾರೂಕಿ ಮತ್ತು ಸಂಗಡಿಗರು, ಪಾಕಿಸ್ತಾನ ಮೂಲದ ಒಂದು ಕುಟುಂಬದ ಇಬ್ಬರು ಮಕ್ಕಳನ್ನು ಪರೀಕ್ಷಿಸಿದರು. ಎಂಟು ವರ್ಷದ ಹುಡುಗಿ 86 ಕಿಲೋ, ಅವಳ ಸಂಬಂಧಿಕ ಎರಡು ವರ್ಷದ ಹುಡುಗ 29 ಕಿಲೋ. ಇಬ್ಬರ ರಕ್ತದಲ್ಲೂ ಲೆಪ್ಟಿನ್ ಇರಲಿಲ್ಲವೆನ್ನುವಷ್ಟು ಕಡಿಮೆ. ಜೀನಿನ ಒಂದು ಅಕ್ಷರ ಬಿಟ್ಟುಹೋಗಿತ್ತು. ಮೈತುಂಬ ಕೊಬ್ಬಿದ್ದರೂ ಮಿದುಳಿಗೆ ಮಾತ್ರ ಬರಗಾಲದ ಸುದ್ದಿಯೇ. ಹುಡುಗಿಗೆ ದಿನಾ ಲೆಪ್ಟಿನ್ ಚುಚ್ಚುಮದ್ದು ಕೊಡತೊಡಗಿದ ಮೇಲೆ ಒಂದು ವರ್ಷದಲ್ಲಿ 16.4 ಕಿಲೋ ಇಳಿದಳು. ಇದೇ ತೊಂದರೆಯ ಇನ್ನೊಂದು ಪುಟ್ಟ ಮಗುವಿನ ಲೆಕ್ಕ ಇನ್ನೂ ಬೆರಗು ಹುಟ್ಟಿಸುತ್ತದೆ: ಮದ್ದಿಗೆ ಮೊದಲು ಒಂದೇ ಹೊತ್ತಿನ ಊಟದಲ್ಲಿ ಸುಮಾರು 1,100 ಕ್ಯಾಲರಿ, ಅಂದರೆ ದೊಡ್ಡವರಿಗೆ ಅರ್ಧ ದಿನಕ್ಕೆ ಬೇಕಾದಷ್ಟು ತಿನ್ನುತ್ತಿದ್ದ ಮಗು, ಮದ್ದಿನ ನಂತರ ಸುಮಾರು 180 ಕ್ಯಾಲರಿಗೆ ತಟ್ಟೆ ಸರಿಸಿತು. ನಡುವೆ ಯಾರೂ ಅದಕ್ಕೆ ಬುದ್ಧಿ ಹೇಳಿರಲಿಲ್ಲ, ಸಂಯಮ ಕಲಿಸಿರಲಿಲ್ಲ.

ಲೆಪ್ಟಿನ್ ಕೊರತೆ ತೀರ ವಿರಳ. ಮಿದುಳಿನಲ್ಲಿ ‘ಸಾಕು’ ಸಂದೇಶ ಹಿಡಿಯುವ ಎಂಸಿ4ಆರ್ ಎಂಬ ಗ್ರಾಹಿಯ ದೋಷ ಅಷ್ಟು ವಿರಳವಲ್ಲ. ಬ್ರಿಸ್ಟಲ್ ಸುತ್ತಮುತ್ತ ಹುಟ್ಟಿದ ಸಾಮಾನ್ಯ ಮಕ್ಕಳಲ್ಲಿ ಹುಡುಕಿದಾಗ 337 ಜನರಲ್ಲಿ ಒಬ್ಬರಿಗೆ ಇದು ಸಿಕ್ಕಿತು; ಅಂಥವರು 18 ವರ್ಷಕ್ಕೆ ಉಳಿದವರಿಗಿಂತ ಸರಾಸರಿ 17 ಕಿಲೋ ಹೆಚ್ಚಿದ್ದರು. ಕೇಂಬ್ರಿಜ್ ತಂಡ ಮತ್ತೊಂದು ಅಧ್ಯಯನದಲ್ಲಿ ತೀವ್ರ ಬೊಜ್ಜಿನ 300 ಮಕ್ಕಳನ್ನು ನೋಡಿದಾಗ ಕೆಲವರಲ್ಲಿ 16ನೇ ವರ್ಣತಂತುವಿನ ಒಂದು ತುಣುಕೇ ಇರಲಿಲ್ಲ. ಅವರಲ್ಲಿ ಕೆಲವು ಮಕ್ಕಳನ್ನು ಬ್ರಿಟನ್ನಿನ ಸಮಾಜ ಕಲ್ಯಾಣ ಅಧಿಕಾರಿಗಳು ‘ಅಪಾಯದಲ್ಲಿರುವ ಮಕ್ಕಳು’ ಎಂಬ ಪಟ್ಟಿಗೆ ಸೇರಿಸಿದ್ದರು, ಹೆತ್ತವರು ಬೇಕೆಂದೇ ತಿನ್ನಿಸಿ ಹಾಳು ಮಾಡುತ್ತಿದ್ದಾರೆಂಬ ಗುಮಾನಿಯಿಂದ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಹೆಸರು ತೆಗೆದರು. ನಮ್ಮಲ್ಲಿ ಅಂಥ ಸರ್ಕಾರಿ ಪಟ್ಟಿ ಇಲ್ಲ. ಆ ಕೆಲಸವನ್ನು ನೆಂಟರು ಮದುವೆಮನೆಯಲ್ಲಿ ಮಾಡಿ ಮುಗಿಸುತ್ತಾರೆ.

ಇಷ್ಟು ಕೇಳಿದ ಮೇಲೆ ಯಾರಾದರೂ ಎತ್ತಲೇಬೇಕಾದ ಆಕ್ಷೇಪವೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 5ರಿಂದ 19 ವರ್ಷದವರಲ್ಲಿ ಬೊಜ್ಜಿನವರು 1990ರಲ್ಲಿ ಶೇ. 2 ಇದ್ದದ್ದು 2022ಕ್ಕೆ ಶೇ. 8 ಆಗಿದೆ, ಅಂದರೆ ಹದಿನಾರು ಕೋಟಿ ಮಕ್ಕಳು. ಭಾರತದಲ್ಲಿ ಐದು ವರ್ಷದೊಳಗಿನವರಲ್ಲಿ ಅತಿತೂಕದವರ ಪಾಲು ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 2.1 ಇತ್ತು, ಐದನೆಯದರಲ್ಲಿ ಶೇ. 3.4. ಮೂವತ್ತು ವರ್ಷದಲ್ಲಿ ಮನುಷ್ಯರ ವಂಶವಾಹಿ ಬದಲಾಗಿಲ್ಲ. ಬದಲಾದದ್ದು ಅಂಗಡಿ, ತಟ್ಟೆ, ಆಟದ ಬಯಲು. ಹಾಗಿದ್ದ ಮೇಲೆ ಜೀನಿನ ಮಾತು ಯಾಕೆ? ಆಕ್ಷೇಪದ ಪ್ರತಿ ಮಾತೂ ಸರಿ, ತೀರ್ಮಾನ ಮಾತ್ರ ಸರಿಯಲ್ಲ. ಹೆಂಚಿನ ಮನೆಗಳ ಊರೊಂದನ್ನು ನೆನೆಸಿಕೊಳ್ಳಿ. ಪ್ರತಿ ಮಾಡಿನಲ್ಲೂ ಒಂದಿಷ್ಟು ಸೀಳು ಹೆಂಚು, ಕೆಲವದರಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ. ಬೇಸಿಗೆಯಲ್ಲಿ ಎಲ್ಲರ ಮನೆಯ ನೆಲವೂ ಒಣ. ಆಷಾಢದ ಮಳೆ ಹಿಡಿದರೆ ಕೆಲವರ ಮನೆಯಲ್ಲಿ ಪಾತ್ರೆ ಇಡಬೇಕು, ಕೆಲವರ ಮನೆಯಲ್ಲಿ ಬೇಡ. ಊರು ಒದ್ದೆಯಾದದ್ದು ಯಾಕೆ ಎಂದರೆ ಮಳೆಯಿಂದ. ಇವನ ಮನೆ ಅವನ ಮನೆಗಿಂತ ಹೆಚ್ಚು ಸೋರಿದ್ದು ಯಾಕೆ ಎಂದರೆ ಹೆಂಚಿನಿಂದ. ಎರಡು ಪ್ರಶ್ನೆ ಬೇರೆ, ಎರಡು ಉತ್ತರವೂ ನಿಜ. ಶೇ. 77 ಎಂಬ ಅಂಕಿ ಹೇಳುವುದು ಎರಡನೆಯ ಪ್ರಶ್ನೆಗೆ ಉತ್ತರವನ್ನು. ಅದನ್ನು ಒಂದು ಮಗುವಿನ ಮೈಮೇಲಿನ ಕೊಬ್ಬಿನ ಶೇ. 77 ಭಾಗ ಜೀನಿನದ್ದು ಎಂದು ಓದುವವರು ಪತ್ರಿಕೆಗಳಲ್ಲೂ ಇದ್ದಾರೆ. ಅದು ಅಂಕಿಗೆ ಮಾಡುವ ಅನ್ಯಾಯ.

ಹೋಲಿಕೆ ಸರಿಯಾಗಿದ್ದರೆ ಮಳೆ ಜೋರಾದಷ್ಟೂ ಹೆಂಚಿನ ಅಂತರ ಹೆಚ್ಚು ಕಾಣಬೇಕು. ಕಾಣುತ್ತದೆ. ಜೆಮಿನಿ ಅಧ್ಯಯನದ 925 ಅವಳಿ ಜೋಡಿಗಳನ್ನು ನಾಲ್ಕು ವರ್ಷದ ವಯಸ್ಸಿನಲ್ಲಿ ಮನೆಯ ವಾತಾವರಣದ ಪ್ರಕಾರ ಎರಡು ಗುಂಪು ಮಾಡಿದರು. ಕುರುಕಲು ತಿಂಡಿ ಕೈಗೆಟಕುವಂತಿದ್ದು, ಟಿವಿ ಹೆಚ್ಚಾಗಿದ್ದು, ಓಡಾಟಕ್ಕೆ ಅವಕಾಶ ಕಡಿಮೆಯಿದ್ದ ಮನೆಗಳಲ್ಲಿ ಮಕ್ಕಳ ತೂಕದ ವ್ಯತ್ಯಾಸಕ್ಕೆ ಜೀನುಗಳ ಪಾಲು ಶೇ. 86, ಹಾಗಲ್ಲದ ಮನೆಗಳಲ್ಲಿ ಶೇ. 39. ಅದೇ ದೇಶ, ಅದೇ ವರ್ಷ ಹುಟ್ಟಿದ ಮಕ್ಕಳು. ಮನೆ ಬದಲಾದರೆ ಜೀನಿನ ಬಿಗಿಯೇ ಅರ್ಧಕ್ಕಿಂತ ಕೆಳಗೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ದೀರ್ಘ ಅಧ್ಯಯನದ ದಾಖಲೆಗಳನ್ನು ತಿರುವಿ ಹಾಕಿದವರಿಗೂ ಇಂಥದ್ದೇ ಕಂಡಿತು: ಎಫ್‌ಟಿಒ ಅಕ್ಷರಕ್ಕೂ ತೂಕಕ್ಕೂ ಇರುವ ನಂಟು 1942ರ ನಂತರ ಹುಟ್ಟಿದವರಲ್ಲಿ ಎದ್ದು ಕಾಣುತ್ತದೆ, ಅದಕ್ಕೆ ಮೊದಲು ಹುಟ್ಟಿದವರಲ್ಲಿ ಇಲ್ಲ. ಅರಿಝೋನಾದ ಪೀಮಾ ಜನಾಂಗದಲ್ಲಿ 2006ರಲ್ಲಿ ಪ್ರಕಟವಾದ ಹೋಲಿಕೆಯ ಪ್ರಕಾರ ಶೇ. 38 ಜನಕ್ಕೆ ಸಕ್ಕರೆ ಕಾಯಿಲೆ, ಬೊಜ್ಜು ಅದಕ್ಕಿಂತ ವ್ಯಾಪಕ. ಗಡಿಯಾಚೆ ಮೆಕ್ಸಿಕೊದ ಗುಡ್ಡಗಳಲ್ಲಿ ಬೇಸಾಯ ಮಾಡಿಕೊಂಡಿರುವ ಅವರ ದಾಯಾದಿಗಳಲ್ಲಿ ಸಕ್ಕರೆ ಕಾಯಿಲೆ ಶೇ. 6.9 ಮಾತ್ರ.

ಎರಡನೆಯ ಆಕ್ಷೇಪ ಇನ್ನೂ ಜಾಣತನದ್ದು. ದಪ್ಪ ಹೆತ್ತವರ ಮಕ್ಕಳು ದಪ್ಪಗಿರುವುದು ಜೀನಿನಿಂದಲ್ಲ, ಒಂದೇ ಅಡುಗೆಮನೆಯಿಂದ ಎನ್ನುವುದು. ಇದಕ್ಕೆ ಉತ್ತರ ದತ್ತು ಮಕ್ಕಳಲ್ಲಿ ಸಿಗುತ್ತದೆ. ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಸಂಗಡಿಗರು 1986ರಲ್ಲಿ ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ಮಂದಿಯ ಮೈಕಟ್ಟನ್ನು ಎರಡೂ ಕಡೆಯ ತಂದೆತಾಯಿಗಳ ಜೊತೆ ಹೋಲಿಸಿದರು. ಅದು ಹೆತ್ತವರನ್ನು ಹೋಲುತ್ತಿತ್ತು, ಸಾಕಿದವರ ಜೊತೆ ಯಾವ ನಂಟೂ ಕಾಣಲಿಲ್ಲ. ಆದರೆ ಹೆತ್ತವಳಿಂದ ಬಂದದ್ದೆಲ್ಲ ಜೀನು ಎನ್ನುವುದೂ ತಪ್ಪಾದೀತು, ಏಕೆಂದರೆ ದತ್ತು ಹೋದ ಮಗುವೂ ಒಂಬತ್ತು ತಿಂಗಳು ಹೆತ್ತವಳ ಗರ್ಭದಲ್ಲಿತ್ತು. ಇಲ್ಲಿ ಮೈಸೂರಿನ ಹೆಸರು ಬರುತ್ತದೆ. ನಗರದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1997–98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ‘ಪಾರ್ಥೆನಾನ್’ ಅಧ್ಯಯನದ ಮನೆ. ಗರ್ಭಾವಧಿಯಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದು ವರ್ಷಕ್ಕೆ ಚರ್ಮದಡಿಯ ಕೊಬ್ಬು ಹೆಚ್ಚಿತ್ತು. ಪುಣೆಯಲ್ಲಿ ಚಿತ್ತರಂಜನ್ ಯಾಜ್ಞಿಕ್ ತೋರಿಸಿಕೊಟ್ಟಂತೆ, ಭಾರತದ ಕೂಸುಗಳು ತೂಕದಲ್ಲಿ ಸಣ್ಣವಾದರೂ ಆ ಸಣ್ಣ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಮಾಂಸದ ಪಾಲು ಕಡಿಮೆ. ಹೀಗಾಗಿ ನಮ್ಮ ಮಕ್ಕಳಲ್ಲಿ ಹೆಂಚಿನ ಒಂದು ಭಾಗ ಡಿಎನ್ಎಯಲ್ಲಿ ತಯಾರಾದರೆ ಇನ್ನೊಂದು ಭಾಗ ಗರ್ಭದಲ್ಲಿ ತಯಾರಾಗುತ್ತದೆ. ಎರಡನ್ನೂ ಮಗು ಆರಿಸಿಕೊಂಡಿರುವುದಿಲ್ಲ.

ಹೀಗೆಲ್ಲ ಹೇಳಿದರೆ ಜನ ಕೈಚೆಲ್ಲಿ ಕೂರುತ್ತಾರೆ, ‘ಹಣೆಬರಹ’ ಎಂದು ಮತ್ತೊಂದು ಪ್ಲೇಟ್ ತರಿಸುತ್ತಾರೆ ಎಂಬ ಭಯ ವೈದ್ಯರಲ್ಲೂ ಇದೆ. ಭಯಕ್ಕೆ ಆಧಾರ ಕಡಿಮೆ. ತೂಕ ಇಳಿಸುವ ಪ್ರಯೋಗಗಳಲ್ಲಿ ಭಾಗವಹಿಸಿದ 9,563 ವಯಸ್ಕರ ಲೆಕ್ಕವನ್ನು 2016ರಲ್ಲಿ ಒಟ್ಟು ಹಾಕಿದಾಗ, ಎಫ್‌ಟಿಒ ಅಪಾಯದ ಅಕ್ಷರ ಇದ್ದವರೂ ಇಲ್ಲದವರಷ್ಟೇ ತೂಕ ಇಳಿಸಿದ್ದರು. ವ್ಯಾಯಾಮ ಮಾಡುವ ವಯಸ್ಕರಲ್ಲಿ ಆ ಅಕ್ಷರದ ಪ್ರಭಾವ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಕುಗ್ಗುತ್ತದೆ ಎಂದು 2011ರ ದೊಡ್ಡ ವಿಶ್ಲೇಷಣೆ ಹೇಳಿತು. ಆದರೆ ಅದೇ ವಿಶ್ಲೇಷಣೆಯಲ್ಲಿ ಸುಮಾರು 19,000 ಮಕ್ಕಳೂ ಇದ್ದರು, ಅವರಲ್ಲಿ ಅಂಥ ಕುಗ್ಗುವಿಕೆ ಕಾಣಲಿಲ್ಲ. ನನ್ನ ವಾದಕ್ಕೆ ಅನುಕೂಲವಾದದ್ದನ್ನು ಮಾತ್ರ ಹೇಳಿ ಇದನ್ನು ನುಂಗಿಕೊಳ್ಳುವುದು ಸರಿಯಲ್ಲ. ‘ಆಟಕ್ಕೆ ಕಳಿಸಿ, ಎಲ್ಲ ಸರಿಹೋಗುತ್ತದೆ’ ಎಂಬ ಸಲಹೆ ಮಕ್ಕಳ ಮಟ್ಟಿಗೆ ಅಷ್ಟು ಸಲೀಸಲ್ಲ. ಆಟಕ್ಕೆ ಬೇರೆ ನೂರು ಒಳ್ಳೆಯ ಕಾರಣಗಳಿವೆ, ತೂಕದ ಗುತ್ತಿಗೆಯನ್ನು ಅದರ ಹೆಗಲಿಗೇ ಪೂರ್ತಿ ಕಟ್ಟಬಾರದು.

ಹಾಗಾದರೆ ಮಗುವಿನ ಡಿಎನ್ಎ ಪರೀಕ್ಷೆ ಮಾಡಿಸಬೇಕೆ? ಲಾಲಾರಸ ಕಳಿಸಿದರೆ ‘ಬೊಜ್ಜಿನ ಅಪಾಯ’ ಹೇಳುವ ಕಂಪನಿಗಳಿವೆ. ಹೆಚ್ಚಿನ ಮಕ್ಕಳಿಗೆ ಅದು ದುಡ್ಡು ದಂಡ. ಆ ಅಂಕಗಳು ಕಟ್ಟಿಕೊಂಡಿರುವುದು ಬಹುಮಟ್ಟಿಗೆ ಯುರೋಪ್ ಮೂಲದವರ ಮಾಹಿತಿಯಿಂದ, ಭಾರತದ ಮಕ್ಕಳಿಗೆ ಅಷ್ಟು ಸರಿಯಾಗಿ ಹೊಂದುವುದಿಲ್ಲ. ಹೊಂದಿದರೂ ಫಲಿತಾಂಶ ನೋಡಿ ಬದಲಾಯಿಸಬೇಕಾದ ಅಡುಗೆ ಮತ್ತು ಅಂಗಡಿ ಅವೇ. ಪರೀಕ್ಷೆ ನಿಜವಾಗಿ ಬೇಕಾದವರು ಬೇರೆ: ಐದು ವರ್ಷದೊಳಗೇ ತೀವ್ರ ಬೊಜ್ಜು ಬಂದ, ಊಟವಾದ ಮರುಗಳಿಗೆಯಲ್ಲಿ ಮತ್ತೆ ಅನ್ನಕ್ಕೆ ಅಳುವ, ರಾತ್ರಿ ಎದ್ದು ಡಬ್ಬ ತಡಕುವ ಮಕ್ಕಳು. ಹತ್ತಿರದ ನಂಟಿನಲ್ಲಿ ಮದುವೆಯಾದವರ ಮಕ್ಕಳಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ಇಬ್ಬರಿಂದಲೂ ಒಂದೇ ಕೆಟ್ಟ ಪ್ರತಿ ಬರುವ ಸಾಧ್ಯತೆ ಅಲ್ಲಿ ಜಾಸ್ತಿ. ಪಾಕಿಸ್ತಾನದಲ್ಲಿ ಇಂಥ ಕುಟುಂಬಗಳ ತೀವ್ರ ಬೊಜ್ಜಿನ ಮಕ್ಕಳನ್ನು ಪರೀಕ್ಷಿಸಿದಾಗ ಸುಮಾರು ಶೇ. 30 ಮಕ್ಕಳಲ್ಲಿ ಒಂಟಿ ಜೀನಿನ ದೋಷ ಪತ್ತೆಯಾಯಿತು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ಕರ್ನಾಟಕದಲ್ಲಿ ಇಂದಿಗೂ ಸುಮಾರು ಕಾಲು ಪಾಲು ಮದುವೆಗಳ ಸಂಗತಿ. ದೋಷ ಗೊತ್ತಾದರೆ ಕೆಲವಕ್ಕೆ ಮದ್ದೂ ಇದೆ: ಲೆಪ್ಟಿನ್ ಕೊರತೆಗೆ ಲೆಪ್ಟಿನ್, ಅದೇ ಹಾದಿಯ ಇನ್ನು ಕೆಲವು ದೋಷಗಳಿಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಪಡೆದ ಸೆಟ್‌ಮೆಲನೊಟೈಡ್. ಬೆಲೆ ಕೇಳಿದರೆ ಎದೆ ಒಡೆಯುವಂಥದ್ದು, ಅದು ಬೇರೆ ಮಾತು.

ಉಳಿದ ಬಹುಪಾಲು ಮಕ್ಕಳ ಹೆಂಚು ಬದಲಾಯಿಸಲು ಬರುವುದಿಲ್ಲ. ಮಳೆ ತಗ್ಗಿಸಲು ಬರುತ್ತದೆ. ಬ್ರಿಟನ್ 2018ರ ಏಪ್ರಿಲ್‌ನಲ್ಲಿ ಸಿಹಿ ಪಾನೀಯಗಳಲ್ಲಿನ ಸಕ್ಕರೆಯ ಪ್ರಮಾಣ ನೋಡಿ ಸುಂಕ ಹಾಕಿತು. ಕಂಪನಿಗಳು ಸುಂಕ ತಪ್ಪಿಸಲು ಸಕ್ಕರೆಯನ್ನೇ ಇಳಿಸಿದವು. ಒಂದೂವರೆ ವರ್ಷದ ನಂತರ ನೋಡಿದರೆ, 10–11 ವರ್ಷದ ಹುಡುಗಿಯರಲ್ಲಿ ಬೊಜ್ಜು, ಸುಂಕ ಇಲ್ಲದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ಶೇ. 8ರಷ್ಟು ಕೆಳಗಿತ್ತು; ಹುಡುಗರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಯಾವ ಹುಡುಗಿಯ ಡಿಎನ್ಎಯನ್ನೂ ಯಾರೂ ಕೇಳಿರಲಿಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಆವರಣದಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. 50 ಮೀಟರ್ ಎಂದರೆ ಹತ್ತು ವರ್ಷದ ಮಗುವಿಗೆ ನೂರು ಹೆಜ್ಜೆ. ಸಂಜೆ ನಾಲ್ಕಕ್ಕೆ ಗಂಟೆ ಹೊಡೆದ ಮೇಲೆ ಒಂದೇ ಬೆಂಚಿನ ಇಬ್ಬರು ಆ ನೂರು ಹೆಜ್ಜೆ ದಾಟಿ ಬೇಕರಿಯ ಗಾಜಿನ ಮುಂದೆ ಹಾದುಹೋಗುತ್ತಾರೆ. ಒಬ್ಬ ಕ್ರಿಕೆಟ್ಟಿನ ಮಾತಾಡುತ್ತಲೇ ಮುಂದೆ ಹೋಗುತ್ತಾನೆ, ಗಾಜಿನೊಳಗೆ ಏನಿತ್ತೆಂದು ಕೇಳಿದರೆ ಹೇಳಲಾರ. ಇನ್ನೊಬ್ಬನಿಗೆ ಪಫ್ಸು ಎಷ್ಟು, ಬೆಣ್ಣೆ ಬಿಸ್ಕತ್ತಿನ ಡಬ್ಬ ಎಲ್ಲಿ ಎಂಬುದೆಲ್ಲ ಕಣ್ಣಿಗೆ ಬಿದ್ದಾಗಿರುತ್ತದೆ. ಅವನು ಏನೂ ಕೊಳ್ಳದೆ ಮುಂದೆ ನಡೆದರೂ, ಆ ದಾರಿಯನ್ನು ನಾಳೆ ಮತ್ತೆ ನಡೆಯಬೇಕು.